ಜೆನೆಸಿಸ್ ಹಾಡುಗಳಿಗೆ ತಬಲಾ ಹಿಡಿದು ಕೂತಾಗ

ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದ ಹಾಡು, ವಕ್ರ ಲಯಗಳ ರಾಕ್ ಸಂಗೀತ ಕೇಳುವವರು ನಾಲ್ಕು ಜನ ಸೇರಿದರೆ ಬ್ರಿಟನ್ನಿನ ಜೆನೆಸಿಸ್ ತಂಡದ ಬಗ್ಗೆ ಒಂದು ಮಾತು ಬಂದೇ ಬರುತ್ತದೆ. ಗಾಯಕ ಪೀಟರ್ ಗೇಬ್ರಿಯಲ್ ಇದ್ದಾಗ ತಂಡ ಚೆನ್ನಾಗಿತ್ತು, ಡ್ರಮ್ಮರ್ ಫಿಲ್ ಕಾಲಿನ್ಸ್ ಹಾಡೋಕೆ ಶುರು ಮಾಡಿದ ಮೇಲೆ ಪಾಪ್ ಆಗಿಹೋಯಿತು. ಈ ಮಾತು ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿಲ್ಲ. ತಂಡದ ಸಂಗೀತ ವರ್ಷದಿಂದ ವರ್ಷಕ್ಕೆ ಸಾಧುವಾಗುತ್ತ ಹೋಗಿದ್ದು ನಿಜ. ಆದರೆ ಎಲ್ಲಿ ಸಾಧುವಾಯಿತು, ಮೊದಲು ಬಿಟ್ಟುಹೋಗಿದ್ದು ಏನು ಅಂತ ಕೇಳಿದರೆ ಸರಿಯಾದ ಉತ್ತರ ಯಾರೂ ಹೇಳುವುದಿಲ್ಲ. ನಾನು ಶಿರಸಿಯಲ್ಲಿ ತಬಲಾ ಹೇಳಿಕೊಡುತ್ತೇನೆ, ಜಾತ್ರೆ, ಉತ್ಸವ ಬಂತು ಅಂದರೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಬಾರಿಸುತ್ತೇನೆ. ಬರೀ ಕೇಳಿ ಅಭಿಪ್ರಾಯ ಹೇಳುವುದಕ್ಕಿಂತ ಆಲ್ಬಂಗಳನ್ನು ವರ್ಷದ ಕ್ರಮದಲ್ಲಿ ಇಟ್ಟುಕೊಂಡು ಕೈಯಲ್ಲೇ ನುಡಿಸಿ ನೋಡೋಣ ಅಂತ ಹೊರಟೆ.

ಮಳೆಗಾಲದಲ್ಲಿ ನಮಗೆ ಕಾರ್ಯಕ್ರಮ ಇರುವುದಿಲ್ಲ. ಆ ಬಿಡುವಿನಲ್ಲೇ ಇದನ್ನು ಮಾಡಿದ್ದು. ಜೊತೆಗೆ ಕಾರವಾರದ ಒಬ್ಬ ಹುಡುಗ ಇದ್ದ, ನಮ್ಮ ಆರ್ಕೆಸ್ಟ್ರಾದಲ್ಲೇ ಕೀಬೋರ್ಡ್ ನುಡಿಸುವವನು. ನಾವು ಇಟ್ಟುಕೊಂಡ ಕ್ರಮ ಸರಳ. ಮೊದಲು ಹಾಡನ್ನು ಸುಮ್ನೆ ಕೇಳುವುದು. ಆಮೇಲೆ ಫೋನಿನಲ್ಲಿ ವೇಗ ಕಡಿಮೆ ಮಾಡಿ ಚಪ್ಪಾಳೆ ಹಾಕುತ್ತ ಮಾತ್ರೆ (ತಾಳದ ಒಂದೊಂದು ಎಣಿಕೆ) ಎಣಿಸುವುದು. ಎಣಿಕೆ ಕೂತ ಮೇಲೆ ಅವನು ಕೀಬೋರ್ಡಿನಲ್ಲಿ, ನಾನು ತಬಲಾದಲ್ಲಿ. ಕೊನೆಗೆ ಅದನ್ನೇ ಪ್ಯಾಡಿನಲ್ಲಿ. ಕರೆಂಟ್ ಹೋದರೂ ತಬಲಾಕ್ಕೆ ತೊಂದರೆ ಇಲ್ಲ, ಹಾಗಾಗಿ ಜಾಸ್ತಿ ಕೆಲಸ ಅದರಲ್ಲೇ ಆಯಿತು.

1972ರ ‘ಫಾಕ್ಸ್‌ಟ್ರಾಟ್’ನಲ್ಲಿ ‘ಸಪರ್ಸ್ ರೆಡಿ’ ಅಂತ ಸುಮಾರು 23 ನಿಮಿಷದ ಹಾಡಿದೆ. ಅದರ ಕೊನೆಯ ಕಡೆಗೆ 9 ಮಾತ್ರೆಯ ಒಂದು ಭಾಗ ಬರುತ್ತದೆ. ಗಿಟಾರ್, ಬೇಸ್, ಡ್ರಮ್ಸ್ ಮೂರೂ 3, 2, 4 ಅಂತ ಒಡೆದುಕೊಂಡು ಒಂದೇ ಪೆಟ್ಟನ್ನು ಪಟ್ಟು ಹಿಡಿದು ಹೊಡೆಯುತ್ತಿರುತ್ತವೆ. ಕೀಬೋರ್ಡ್ ವಾದಕ ಟೋನಿ ಬ್ಯಾಂಕ್ಸ್ ಮಾತ್ರ ಆರ್ಗನ್ನಿನಲ್ಲಿ ಆ ಎಣಿಕೆಗೆ ಕಟ್ಟುಬೀಳದೆ ತನ್ನ ಪಾಡಿಗೆ ನುಡಿಸುತ್ತ ಹೋಗುತ್ತಾನೆ. ಇಲ್ಲಿ ನನ್ನ ಕೈ ಸುಲಭವಾಗಿ ಕೂತಿತು, ಕೀಬೋರ್ಡ್ ಹುಡುಗನಿಗೆ ಬೆವರು ಇಳಿಯಿತು.

ಹೆಚ್ಚು ಹೊತ್ತು ಹಿಡಿದಿದ್ದು 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’. ಅದರಲ್ಲಿರುವ ‘ದ ಸಿನೆಮಾ ಶೋ’ದ ಎರಡನೇ ಅರ್ಧ 7 ಮಾತ್ರೆಯಲ್ಲಿದೆ. 7 ಅಂದಕೂಡಲೇ ನಮಗೆ ರೂಪಕ್ ತಾಳ ನೆನಪಾಗುತ್ತದೆ, ಅಲ್ವಾ? ತಿಂ ತಿಂ ನಾ, ಧಿಂ ನಾ, ಧಿಂ ನಾ ಅಂತ ಹಾಕಿದೆ. ಲೆಕ್ಕ ತಪ್ಪುವುದಿಲ್ಲ. ಆದರೆ ರೂಪಕ್‌ನಲ್ಲಿ ಸಮ್ (ತಾಳದ ಮೊದಲ ಮಾತ್ರೆ) ಮೇಲೇ ಖಾಲಿ ಬರುತ್ತದೆ, ಅಂದರೆ ಎಡಗೈಯ ಡಗ್ಗಾ ಸುಮ್ಮನಿರುತ್ತದೆ. ಈ ಹಾಡಿಗೆ ಹಾಗೆ ನುಡಿಸಿದರೆ ಮೊದಲ ಮಾತ್ರೆಯೇ ಸೊರಗುತ್ತದೆ. ಠೇಕಾ, ಅಂದರೆ ತಾಳದ ಆ ಸಿದ್ಧ ನುಡಿಕೆಯನ್ನು ಬಿಟ್ಟು, ಸಮ್‌ಗೆ ‘ಧಾ’ ಕೊಟ್ಟು, ಉಳಿದ ಬೋಲ್‌ಗಳನ್ನು ಹಾಡಿನ ಪೆಟ್ಟು ನೋಡಿಕೊಂಡು ಹೊಸದಾಗಿ ಜೋಡಿಸಿಕೊಂಡೆ. ಆಗ ಅದು ಓಡತೊಡಗಿತು. ಕಾಲಿನ್ಸ್ ಎಂಥ ಡ್ರಮ್ಮರ್ ಅಂತ ಆವತ್ತು ಕೈಗೆ ಗೊತ್ತಾಯಿತು. 7ರ ಒಳಗೆ ಇದ್ದುಕೊಂಡೇ ಅವನು ಪ್ರತಿ ಆವರ್ತಕ್ಕೂ (ತಾಳದ ಒಂದು ಪೂರ್ತಿ ಸುತ್ತು) ಏನಾದರೂ ಸಣ್ಣದಾಗಿ ಬದಲಿಸುತ್ತಿರುತ್ತಾನೆ, ಕೀಬೋರ್ಡ್ ಎಲ್ಲಿ ತಿರುಗುತ್ತದೋ ಅಲ್ಲಿ ಅವನೂ ತಿರುಗುತ್ತಾನೆ. ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಆ ಭಾಗವನ್ನು ಹೊತ್ತುಕೊಂಡಿರುವುದು ಮುಖ್ಯವಾಗಿ ಬ್ಯಾಂಕ್ಸ್, ಬೇಸ್ ನುಡಿಸುವ ಮೈಕ್ ರುದರ್‌ಫೋರ್ಡ್ ಮತ್ತು ಕಾಲಿನ್ಸ್. ಮುಂದೆ ಪಾಪ್ ಹಿಟ್‌ಗಳನ್ನು ಕೊಟ್ಟವರೂ ಇದೇ ಮೂವರು.

ಗೇಬ್ರಿಯಲ್ 1975ರಲ್ಲಿ ತಂಡ ಬಿಟ್ಟ. ಮರುವರ್ಷದ ‘ಎ ಟ್ರಿಕ್ ಆಫ್ ದ ಟೇಲ್’ನಲ್ಲಿ ಕಾಲಿನ್ಸ್‌ನೇ ಮುಖ್ಯ ಗಾಯಕ. ಆದರೂ ಮೊದಲ ಹಾಡೇ 7ರಲ್ಲಿ ಎದ್ದು ಬರುತ್ತದೆ. ಇಲ್ಲಿ ಏನೂ ಸಾಧುವಾಗಿಲ್ಲ. 1977ರಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಹೋದ ಮೇಲೆ ವ್ಯತ್ಯಾಸ ಕೇಳಿಸುತ್ತದೆ. ಬೇಸ್ ನುಡಿಸುತ್ತಿದ್ದ ರುದರ್‌ಫೋರ್ಡ್ ಗಿಟಾರನ್ನೂ ತಾನೇ ನೋಡಿಕೊಳ್ಳಬೇಕಾಯಿತು. 1978ರ ಆಲ್ಬಂನಲ್ಲಿ ಹಾಡುಗಳು ಚಿಕ್ಕದಾದವು, ‘ಫಾಲೋ ಯು ಫಾಲೋ ಮಿ’ ಬ್ರಿಟನ್ನಿನಲ್ಲಿ ದೊಡ್ಡ ಹಿಟ್ ಆಯಿತು.

ನನಗೆ ತುಂಬ ಇಷ್ಟವಾದ ಘಟ್ಟ ಅಂದರೆ 1980ರ ‘ಡ್ಯೂಕ್’. ‘ಟರ್ನ್ ಇಟ್ ಆನ್ ಅಗೇನ್’ ನಾಲ್ಕು ನಿಮಿಷವೂ ಇಲ್ಲದ ಹಾಡು, ರೇಡಿಯೋದಲ್ಲಿ ಓಡಿದ ಹಾಡು. ಎಣಿಸಿ ನೋಡಿ, ಪದ್ಯದ ಭಾಗ 13 ಮಾತ್ರೆ. ನಾನು 6 ಮತ್ತು 7 ಅಂತ ಒಡೆದುಕೊಂಡೆ. ಜನ ಇದಕ್ಕೆ ಕುಣಿಯುತ್ತಾರೆ, 13 ಅಂತ ಯಾರಿಗೂ ಗೊತ್ತಾಗುವುದೂ ಇಲ್ಲ. ಯಾಕೆ ಅಂತ ತಬಲಾದಲ್ಲಿ ನುಡಿಸಿದಾಗ ಅರ್ಥವಾಯಿತು. 13 ಒಮ್ಮೆ ಕೂತಿತು ಅಂದರೆ ಮತ್ತೆ ಮತ್ತೆ ಅದೇ 13. ಪೆಟ್ಟು ಸಮವಾಗಿ ಬೀಳುತ್ತಲೇ ಇರುತ್ತದೆ, ಆವರ್ತ ಎಲ್ಲಿ ಮುಗಿಯಿತು ಅನ್ನುವುದಷ್ಟೇ ಬೇರೆ. 1973ರ ಹಾಡಿನ ಹಾಗೆ ಮುಂದಿನ ತಿರುವಿಗೆ ಕೈಯನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕಾಗಿಲ್ಲ. ಅಂದರೆ ಬೆಸ ಎಣಿಕೆ ಇನ್ನೂ ಇತ್ತು. ಒಂದು ಲಯದಿಂದ ಇನ್ನೊಂದಕ್ಕೆ ಜಿಗಿಯುವುದು ಕಡಿಮೆಯಾಗುತ್ತಿತ್ತು. ಮೊದಲು ಬಿಟ್ಟುಹೋಗಿದ್ದು ಅದೇ ಅನ್ನುವುದು ನನ್ನ ತೀರ್ಮಾನ.

ಅದೇ ಆಲ್ಬಂನ ‘ಡಚೆಸ್’ನಲ್ಲಿ ತಂಡ ಮೊದಲ ಬಾರಿ ತಾನೇ ಲಯ ನುಡಿಸುವ ಡ್ರಮ್ ಮಷೀನ್ ಬಳಸಿತು, ರೋಲಂಡ್ ಕಂಪನಿಯದ್ದು. ಇದು ನನಗೆ ಗಾಯಕ ಬದಲಾಗಿದ್ದಕ್ಕಿಂತ ದೊಡ್ಡ ವಿಷಯ. 1983ರ ಆಲ್ಬಂ ಹೊತ್ತಿಗೆ ಮೂವರೂ ಸ್ಟುಡಿಯೋದಲ್ಲಿ ಒಟ್ಟಿಗೆ ಕೂತು ಹಾಡು ಕಟ್ಟುತ್ತಿದ್ದರು, ಅದರ ಎಲ್ಲ ಹಾಡುಗಳಿಗೂ ಮೂವರದ್ದೇ ಹೆಸರು. ‘ಮಾಮಾ’ ಮಷೀನ್ ಪೆಟ್ಟಿನಿಂದಲೇ ಹುಟ್ಟಿದ ಹಾಡು. ಒಳ್ಳೆಯ ಹಾಡು, ಭಯ ಹುಟ್ಟಿಸುವ ಹಾಡು. ಆದರೆ ಮೊದಲು ಬ್ಯಾಂಕ್ಸ್ ಒಬ್ಬನೇ ಪಿಯಾನೋದಲ್ಲಿ ವಕ್ರವಾಗಿ ಏನೋ ಕಟ್ಟಿಕೊಂಡು ಬಂದರೆ ಡ್ರಮ್ಸ್ ಅದರ ಹಿಂದೆ ಓಡಬೇಕಿತ್ತು. ಮಷೀನ್ ಮೊದಲು ಓಡತೊಡಗಿದರೆ ಉಳಿದವರೆಲ್ಲ ಅದರ ಹಿಂದೆ. ಪ್ಯಾಡಿನಲ್ಲಿ ರಿದಮ್ ಹಾಕಿ ಬಿಟ್ಟು ಹಾಡು ಕಟ್ಟಿದವರಿಗೆ ಇದು ಗೊತ್ತು. ಹಾಡು ತಾನಾಗಿ ನಾಲ್ಕರ ಲೆಕ್ಕಕ್ಕೆ ಹೋಗಿ ಕೂರುತ್ತದೆ.

ಡ್ರಮ್ಸಿನ ನಾದವೂ ಬದಲಾಯಿತು. 1980ರಲ್ಲಿ ಗೇಬ್ರಿಯಲ್‌ನ ಮೂರನೇ ಆಲ್ಬಂಗೆ ಕಾಲಿನ್ಸ್ ಡ್ರಮ್ಸ್ ನುಡಿಸಿದ್ದ, ಹ್ಯೂ ಪ್ಯಾಡ್ಗಮ್ ಇಂಜಿನಿಯರ್. ಅಲ್ಲಿ ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಬಾರಿಸಬಾರದು ಅನ್ನುವುದು ಗೇಬ್ರಿಯಲ್‌ನ ಷರತ್ತು. ಕೋಣೆಯ ಗುಂಯ್‌ಗುಡುವಿಕೆಯನ್ನೆಲ್ಲ ಮೈಕಿನಲ್ಲಿ ಹಿಡಿದು, ಒತ್ತಿ ದೊಡ್ಡದು ಮಾಡಿ, ಅದು ತಾನಾಗಿ ಆರುವ ಮೊದಲೇ ಗೇಟ್ ಅನ್ನುವ ಸದ್ದು ತಡೆಯುವ ಉಪಕರಣ ಹಾಕಿ ಕತ್ತರಿಸಿದರು. ಢಂ ಅಂತ ಬಂದು ತಟ್ಟನೆ ನಿಲ್ಲುತ್ತದೆ, ಗಾಳಿಗೆ ಬಾಗಿಲು ಬಡಿದುಕೊಂಡ ಹಾಗೆ. 1981ರ ‘ಅಬಕಾಬ್’ಗೆ ಜೆನೆಸಿಸ್ ಅದೇ ಪ್ಯಾಡ್ಗಮ್‌ನನ್ನು ಕರೆಸಿಕೊಂಡಿತು. ಈ ನಾದವನ್ನು ನನ್ನ ಪ್ಯಾಡಿನಲ್ಲಿ ಇಟ್ಟುಕೊಂಡು ‘ಸಿನೆಮಾ ಶೋ’ ನುಡಿಸಲು ನೋಡಿದೆ. ಆಗುವುದೇ ಇಲ್ಲ. ಒಂದೊಂದು ಪೆಟ್ಟೂ ಇಷ್ಟು ಜಾಗ ತಿಂದರೆ ನಡುವಿನ ಸಣ್ಣ ಪೆಟ್ಟುಗಳು ಕೇಳುವುದಿಲ್ಲ. ಈ ನಾದಕ್ಕೆ ಕಡಿಮೆ ಪೆಟ್ಟು, ಸರಳ ಪೆಟ್ಟೇ ಬೇಕು. ಕಾಲಿನ್ಸ್‌ನ ಕೈ ಸರಳವಾಗಿದ್ದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

1986ರ ‘ಇನ್‌ವಿಸಿಬಲ್ ಟಚ್’ ಹಾಡು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ನಾವು ಅದನ್ನು ಬೇಗ ಹಿಡಿದೆವು. ಹುಡುಗ ಒಂದು ಸಲ ನುಡಿಸಿ ಕೈ ತೆಗೆದ. “ಅಣ್ಣಾ, ಇದ್ರಲ್ಲಿ ನನ್ನ ಎಡಗೈಗೆ ಕೆಲ್ಸಾನೇ ಇಲ್ವಲ್ಲ” ಅಂದ. ನಿಜ, ನನ್ನದೂ ಅದೇ ಕಥೆ. ಆದರೆ ಅದೇ ಹೆಸರಿನ ಆಲ್ಬಂನಲ್ಲಿ 10 ನಿಮಿಷಕ್ಕೂ ಮೀರಿದ ‘ಡಾಮಿನೋ’ ಇದೆ, ಅದನ್ನು ಬಿಟ್ಟು ಮಾತಾಡುವುದು ಅನ್ಯಾಯ. ಆರ್ಕೆಸ್ಟ್ರಾ ಜೊತೆ ಮಾರಿಕಾಂಬಾ ಜಾತ್ರೆಯ ಜನದ ಎದುರು ನಿಂತವನಾಗಿ ಇನ್ನೊಂದು ಮಾತು ಹೇಳುತ್ತೇನೆ. ಸಾವಿರಾರು ಜನ ಒಂದೇ ಪೆಟ್ಟಿಗೆ ಚಪ್ಪಾಳೆ ಹಾಕುವಾಗ ಸಿಗುವ ಖುಷಿ ಸಣ್ಣದಲ್ಲ, ಆ ಮೂವರು ಅದನ್ನು ಬಯಸಿದ್ದರಲ್ಲಿ ತಪ್ಪಿಲ್ಲ. ಆದರೂ 1973ರ ಆ 7 ಮಾತ್ರೆಯ ಓಟ ಮತ್ತೆ ಬರಲಿಲ್ಲ ಅನ್ನುವ ಸಂಕಟ ನನಗೆ ಇದ್ದೇ ಇದೆ.

ನೀವೂ ಮಾಡಿ ನೋಡುವುದಾದರೆ 1973, 1980, 1986 ಈ ಮೂರು ಆಲ್ಬಂ ಸಾಕು, ಪ್ರತಿಯೊಂದರಿಂದ ಒಂದು ಹಾಡು. ಇನ್ನೊಂದು ಪ್ರೋಗ್ರೆಸಿವ್ ರಾಕ್ ತಂಡವಾದ ಯೆಸ್ ಅನ್ನು ತೆಗೆದುಕೊಳ್ಳಬಹುದಲ್ಲ ಅಂತ ಹುಡುಗ ಕೇಳುತ್ತಿದ್ದಾನೆ. 1972ರಲ್ಲಿ ರೆಕಾರ್ಡಿನ ಒಂದು ಬದಿಯನ್ನೇ ತುಂಬುವ ಹಾಡು ಮಾಡಿದ ಯೆಸ್ 1983ರಲ್ಲಿ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಕೊಟ್ಟಿತು. ಆದರೆ ಅಲ್ಲಿ ನಡುವೆ ತಂಡವೇ ಒಮ್ಮೆ ಒಡೆದು ಮತ್ತೆ ಸೇರಿತ್ತು, ಗಿಟಾರ್ ವಾದಕನೂ ಬೇರೆ. ಒಂದೊಂದೇ ಮೆಟ್ಟಿಲು ಇಳಿದಿದ್ದನ್ನು ಕೈಯಲ್ಲಿ ಹಿಡಿಯಲು ಜೆನೆಸಿಸ್ ಮೇಲು.