ಗಂಡಸರ ಆಪರೇಷನ್: ಹದಿನೈದು ನಿಮಿಷದ ಕೆಲಸ, ಮೂರು ತಿಂಗಳ ಎಚ್ಚರ

ಮಕ್ಕಳು ಇನ್ನು ಸಾಕು ಎಂದು ಮನೆಯಲ್ಲಿ ತೀರ್ಮಾನವಾದರೆ ನಮ್ಮ ಕಡೆ ಆಸ್ಪತ್ರೆಗೆ ಹೊರಡುವವಳು ಹೆಂಡತಿಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡ ಮನೆಗಳು ನೂರಕ್ಕೆ ಒಂದೂ ಇಲ್ಲ. ಹೆಂಗಸರಿಗೆ ಹೊಟ್ಟೆ ಕೊಯ್ಯಬೇಕು, ಗಂಡಸರಿಗೆ ಹೊಲಿಗೆಯೂ ಬೇಡ. ಆದರೂ ಗಂಡಸು ಹಿಂಜರಿಯುವುದು ‘ಶಕ್ತಿ ಹೋಗುತ್ತದೆ’ ಎಂಬ ಭಯದಿಂದ. ಗಂಡಸುತನದ ಹಾರ್ಮೋನು ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ, ಈ ಆಪರೇಷನ್ನಿನಲ್ಲಿ ಕತ್ತರಿಸುವ ವೀರ್ಯನಾಳದಲ್ಲಿ ಹರಿಯುವುದೇ ಇಲ್ಲ. ವೀರ್ಯದ ಬಹುಪಾಲು ದ್ರವ ಬರುವುದು ಆ ನಾಳಕ್ಕಿಂತ ಮುಂದಿರುವ ಗ್ರಂಥಿಗಳಿಂದ. ಹಾಗಾಗಿ ನಿಮಿರುವುದು, ಸ್ಖಲನ, ಆಸೆ ಎಲ್ಲ ಹಾಗೇ ಇರುತ್ತವೆ. ನೋಡುವುದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಮದುವೆಯಾಗಿರಬೇಕು, ವಯಸ್ಸು 60 ದಾಟಿರಬಾರದು, ಹೆಂಡತಿಗೆ 22ರಿಂದ 49ರೊಳಗೆ ಇರಬೇಕು, ಒಂದು ಮಗುವಿಗಾದರೂ ವರ್ಷ ತುಂಬಿರಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಲು ಮುಜುಗರವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನೇ ಕೇಳಿ. ತುಮಕೂರು ಅಥವಾ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗುವ ಮೊದಲು ‘ಎನ್‌ಎಸ್‌ವಿ (ಗಂಡಸರ ಈ ಹೊಲಿಗೆಯಿಲ್ಲದ ಆಪರೇಷನ್) ಮಾಡುವ ಡಾಕ್ಟರ್ ಯಾವ ದಿನ ಇರುತ್ತಾರೆ’ ಎಂದು ವಿಚಾರಿಸಿಕೊಳ್ಳಿ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇದಕ್ಕೆಂದೇ ಪಾಕ್ಷಿಕ ನಡೆಯುತ್ತದೆ. ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಅದು ರಾಗಿ ಕೊಯ್ಲಿನ ಕಾಲ. ಹೊರೆ ಹೊತ್ತು ಮೆದೆ ಒಟ್ಟಬೇಕಾದವರು ಕೆಲಸ ಮುಗಿಸಿಕೊಂಡೇ ಹೋಗುವುದು ಒಳ್ಳೆಯದು.

ಒಪ್ಪಿಗೆ ಪತ್ರ ಓದದೆ ಸಹಿ ಹಾಕಬೇಡಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಮಾತು ತೆಲುಗಾದವರು ತೆಲುಗಿನಲ್ಲೇ ವಿವರಿಸಿ ಎಂದು ಕೇಳಬಹುದು, ಅದು ನಿಮ್ಮ ಹಕ್ಕು. ಹೆಂಡತಿಯ ಸಹಿ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಆದರೂ ಇಬ್ಬರೂ ಕೂತು ಮಾತಾಡಿಯೇ ನಿರ್ಧರಿಸಿ. ಬೇಕೆಂದಾಗ ಮತ್ತೆ ಜೋಡಿಸಬಹುದು ಎಂಬ ಲೆಕ್ಕದಲ್ಲಿ ಮಾತ್ರ ಹೋಗಬೇಡಿ. ಜೋಡಿಸುವ ಆಪರೇಷನ್ ಇದೆ, ಆದರೆ ಮಕ್ಕಳಾಗುತ್ತವೆ ಎಂಬ ಖಾತ್ರಿಯಿಲ್ಲ.

ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಹರ್ನಿಯಾ, ಬೀಜದಲ್ಲಿ ನೀರು ತುಂಬಿಕೊಂಡಿರುವುದು, ತೊಡೆಸಂದಿಯ ಹುಳುಕಡ್ಡಿ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅವತ್ತು ಬೆಳಿಗ್ಗೆ ಸೋಪು ಹಚ್ಚಿ ಸ್ನಾನ ಮಾಡಿ, ಕೂದಲನ್ನು ಕತ್ತರಿಯಿಂದ ಗಿಡ್ಡ ಮಾಡಿ. ಬ್ಲೇಡು ಬೇಡ, ಸಣ್ಣ ಗೀರಿನಿಂದಲೂ ಕೀವಾಗಬಹುದು. ಹಗುರ ತಿಂಡಿ ತಿನ್ನಬಹುದು. ಬಿಗಿಯಾದ, ಒಗೆದ ಕಾಚ ಹಾಕಿಕೊಂಡು ಹೋಗಿ.

ಡಾಕ್ಟರು ಮೊದಲು ಚರ್ಮದ ಮೇಲಿಂದಲೇ ವೀರ್ಯನಾಳವನ್ನು ಹುಡುಕುತ್ತಾರೆ. ಬೆರಳುಗಳ ನಡುವೆ ಹೊರಳಿಸಿದರೆ ಅದು ಸಣ್ಣ ಹುರಿಯಂತೆ ಸಿಗುತ್ತದೆ. ಚಳಿಯಿದ್ದರೆ ಬೀಜದ ಚೀಲ ಮುದುಡಿ ನಾಳ ಸಿಗುವುದು ಕಷ್ಟ, ಅದಕ್ಕೇ ಕೋಣೆ ಬೆಚ್ಚಗಿರಬೇಕು. ಲಿಗ್ನೋಕೇನ್ ಇಂಜೆಕ್ಷನ್ ಚುರ್ರೆಂದು ಚುಚ್ಚಿ, ಸ್ವಲ್ಪ ಹೊತ್ತಿಗೆ ಜಾಗ ಮರಗಟ್ಟುತ್ತದೆ. ಚೂಪು ಮೊನೆಯ ಇಕ್ಕಳದಿಂದ ಒಂದು ಸಣ್ಣ ತೂತು ಮಾಡಿ, ನಾಳವನ್ನು ಹೊರಗೆಳೆದು, ಸುಮಾರು ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ, ತುದಿಗಳನ್ನು ದಾರದಿಂದ ಕಟ್ಟುತ್ತಾರೆ. ಎರಡು ತುದಿಗಳ ನಡುವೆ ನಾಳದ ಹೊದಿಕೆಯ ಪದರವನ್ನು ಅಡ್ಡ ತರುತ್ತಾರೆ, ಇಲ್ಲದಿದ್ದರೆ ಅವು ತಾವಾಗಿ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ನಾಳ ಎಳೆಯುವಾಗ ಕಿಬ್ಬೊಟ್ಟೆಯಲ್ಲಿ ಜಗ್ಗಿದಂತೆ ಆಗುತ್ತದೆ. ಅದಕ್ಕೆ ಗಾಬರಿ ಬೇಡ, ಆದರೆ ಚುರುಕು ನೋವಾದರೆ ಬಾಯಿಬಿಟ್ಟು ಹೇಳಿ, ಇನ್ನಷ್ಟು ಮದ್ದು ಕೊಡುತ್ತಾರೆ.

ಅರ್ಧ ಗಂಟೆ ಮಲಗಿದ್ದು ಮನೆಗೆ ಹೊರಡಬಹುದು, ಆದರೆ ಬೈಕನ್ನು ಇನ್ನೊಬ್ಬರು ಓಡಿಸಲಿ. ಎರಡು ದಿನ ಪೂರ್ತಿ ವಿಶ್ರಾಂತಿ, ಹಗಲೂ ರಾತ್ರಿ ಬಿಗಿ ಕಾಚ, ಮೊದಲ 24 ಗಂಟೆ ಆ ಜಾಗಕ್ಕೆ ನೀರು ತಾಕಬಾರದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಆಗಾಗ ಹದಿನೈದು ನಿಮಿಷ ಇಟ್ಟರೆ ಊತ ತಗ್ಗುತ್ತದೆ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಟೊಮ್ಯಾಟೊ ಕ್ರೇಟ್ ಎತ್ತುವುದು, ತೆಂಗು ಅಡಿಕೆ ಮರ ಹತ್ತುವುದು, ಸೈಕಲ್ ತುಳಿಯುವುದು ಒಂದು ವಾರ ಬೇಡ. ತೊಂದರೆ ಹೆಚ್ಚಾಗಿ ಶುರುವಾಗುವುದು ಇಲ್ಲೇ: ಮೂರನೇ ದಿನ ನೋವಿಲ್ಲವೆಂದು ಮೂಟೆ ಎತ್ತಿದಾಗ ಒಳಗೆ ರಕ್ತನಾಳ ಒಸರಿ ಚೀಲದಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ಚರ್ಮ ಸ್ವಲ್ಪ ನೀಲಿಗಟ್ಟುವುದು ಸಹಜ. ಊತ ಗಂಟೆಗಂಟೆಗೂ ಏರುತ್ತಿದ್ದರೆ, ಜ್ವರ ಬಂದರೆ, ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಲವರಿಗೆ ನೋವು ತಿಂಗಳುಗಟ್ಟಲೆ ಉಳಿಯುವುದೂ ಉಂಟು, ಸಹಿಸಿಕೊಂಡು ಕೂರದೆ ತೋರಿಸಬೇಕು.

ನೋವಿಲ್ಲದಿದ್ದರೆ ಎರಡು ಮೂರು ದಿನದ ಮೇಲೆ ಹೆಂಡತಿಯೊಡನೆ ಸೇರಬಹುದು. ಆದರೆ ಕತ್ತರಿಸಿದ ಜಾಗದಿಂದ ಮುಂದೆ ಉಳಿದಿರುವ ವೀರ್ಯಾಣುಗಳು ಖಾಲಿಯಾಗಲು ತಿಂಗಳುಗಳು ಬೇಕು. ಮೂರು ತಿಂಗಳು ನಿರೋಧ್ ಬಳಸಿ, ಅಥವಾ ಹೆಂಡತಿ ‘ಅಂತರ’ ಎಂಬ ಗರ್ಭನಿರೋಧಕ ಚುಚ್ಚುಮದ್ದು ಹಾಕಿಸಿಕೊಂಡಿರಲಿ. ಆಮೇಲೆ ವೀರ್ಯ ಪರೀಕ್ಷೆ. ಮನೆಯಲ್ಲೇ ಮಾದರಿ ತೆಗೆದರೆ ಡಬ್ಬಿಯನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ವೀರ್ಯಾಣು ಕಂಡರೆ ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ, ಆರು ತಿಂಗಳಾದರೂ ಇದ್ದರೆ ಆಪರೇಷನ್ ಫಲಿಸಿಲ್ಲ ಎಂದರ್ಥ. ಸೊನ್ನೆ ಬಂದ ಮೇಲೆಯೇ ಸರ್ಟಿಫಿಕೇಟ್ ಕೊಡುವುದು. ನಿರೋಧ್ ಬಿಡುವುದೂ ಆಮೇಲೆಯೇ, ಅದೂ ಗರ್ಭದ ಮಟ್ಟಿಗೆ ಮಾತ್ರ. ಎಚ್‌ಐವಿಯಂಥ ರೋಗಗಳಿಗೆ ಈ ಆಪರೇಷನ್ ತಡೆಯಲ್ಲ.

ಈ ಪರೀಕ್ಷೆಯನ್ನು ಬಿಟ್ಟವರ ಮನೆಯಲ್ಲಿ ಹೆಂಡತಿ ಬಸಿರಾದರೆ ಊರಿನ ಬಾಯಿ ಮೊದಲು ತಿರುಗುವುದು ಅವಳ ಕಡೆಗೆ. ಇದು ಘೋರ ಅನ್ಯಾಯ. ಸರಿಯಾಗಿ ಮಾಡಿದ ಆಪರೇಷನ್ನಿನಲ್ಲೂ, ರಿಪೋರ್ಟ್ ಸೊನ್ನೆ ಬಂದ ಮೇಲೂ, ಎರಡು ಸಾವಿರಕ್ಕೆ ಒಬ್ಬರಲ್ಲಿ ನಾಳ ಮತ್ತೆ ಕೂಡಿಕೊಳ್ಳುತ್ತದೆ. ಯಾರನ್ನೂ ಒಂದು ಮಾತು ಆಡುವ ಮೊದಲು ಗಂಡ ಮತ್ತೆ ವೀರ್ಯ ಪರೀಕ್ಷೆ ಮಾಡಿಸಬೇಕು. ಸರ್ಕಾರದ ಯೋಜನೆಯಡಿ ವಿಫಲತೆಗೆ ಪರಿಹಾರವೂ ಇದೆ. ವಿಷಯ ತಿಳಿದ 90 ದಿನದೊಳಗೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಅರ್ಜಿ ಕೊಡಿ. ಒಪ್ಪಿಗೆ ಪತ್ರದ ಪ್ರತಿ, ವೀರ್ಯ ಪರೀಕ್ಷೆಯ ರಿಪೋರ್ಟು, ಸರ್ಟಿಫಿಕೇಟು ಮೂರನ್ನೂ ಆಧಾರ್ ಇಡುವ ಕಡೆಯೇ ಜೋಪಾನವಾಗಿಡಿ.