ಸ್ಕೇಲು, ಟೇಪು ಮತ್ತು ತಾಯಿಗೆ ಕೇಳುವ ಪ್ರಶ್ನೆ

ಗರ್ಭಿಣಿ ಕುಡಿದ ಮದ್ಯದಿಂದ ಹೊಟ್ಟೆಯಲ್ಲಿರುವ ಮಗುವಿಗೆ ಆಗುವ ತೊಂದರೆಯೇ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್. ಅದು ಇದೆಯಾ ಇಲ್ಲವಾ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ. ದುಡ್ಡು ಎಷ್ಟಾದರೂ ಆಗಲಿ, ಟೆಸ್ಟ್ ಬರೆದುಕೊಡಿ ಎನ್ನುವವರಿಗೆ ಇದನ್ನು ನಂಬಿಸುವುದೇ ಕಷ್ಟ. ಮಕ್ಕಳ ಬೆಳವಣಿಗೆಯ ಡಾಕ್ಟರಾದ ನಾನು ಮೊದಲು ಕೈಗೆತ್ತಿಕೊಳ್ಳುವುದು ಒಂದು ಪಾರದರ್ಶಕ ಸ್ಕೇಲು, ಒಂದು ಟೇಪು.

1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾಕ್ಟರುಗಳಾದ ಜೋನ್ಸ್ ಮತ್ತು ಸ್ಮಿತ್ ಈ ಹೆಸರಿಟ್ಟಾಗ ನೋಡಿದ್ದೂ ಮುಖ, ಬೆಳವಣಿಗೆ, ಮಿದುಳು. ಈಗಲೂ ಅದೇ. ಮುಖದಲ್ಲಿ ಮೂರು ಗುರುತು: ಕಣ್ಣಿನ ಸೀಳು ಗಿಡ್ಡ, ಮೂಗಿನ ಕೆಳಗಿನ ಕಾಲುವೆ ಸಪಾಟು, ಮೇಲ್ತುಟಿ ತೆಳು. ಕಣ್ಣನ್ನು ಒಳತುದಿಯಿಂದ ಹೊರತುದಿಗೆ ಅಳೆಯುತ್ತೇನೆ. ಒಂದೆರಡು ಮಿಲಿಮೀಟರ್ ತಪ್ಪಿದರೂ ಲೆಕ್ಕ ಬದಲಾಗುತ್ತದೆ. ತುಟಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ 5 ಚಿತ್ರಗಳ ಕಾರ್ಡ್ ಇದೆ. ತುಟಿ ತೆಳುವಾಗಿ, ಕಾಲುವೆ ಸಪಾಟಾಗಿರುವ 4 ಅಥವಾ 5ನೇ ಚಿತ್ರಕ್ಕೆ ಹೋಲಿದರೆ ಎಣಿಕೆಗೆ ಬರುತ್ತದೆ. ಆ ಹೊತ್ತಲ್ಲಿ ಮಗು ನಗಬಾರದು. ನಕ್ಕರೆ ಎಂಥಾ ತುಟಿಯೂ ತೆಳ್ಳಗಾಗುತ್ತದೆ, ಕಾಲುವೆ ಮಾಯವಾಗುತ್ತದೆ. ದಿನವಿಡೀ ಮಕ್ಕಳನ್ನು ನಗಿಸುವ ನನಗೆ ಇಲ್ಲಿ ಮಾತ್ರ ಉಲ್ಟಾ ಕೆಲಸ!

ಎತ್ತರ, ತೂಕ, ತಲೆಯ ಸುತ್ತಳತೆ 10ನೇ ಪರ್ಸೆಂಟೈಲ್ (ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೊನೆಯ ಹತ್ತರ ಗೆರೆ) ಅಥವಾ ಅದಕ್ಕಿಂತ ಕೆಳಗಿದೆಯಾ ನೋಡುತ್ತೇನೆ. ಆದರೆ ನಮ್ಮಲ್ಲಿ ಊಟ ಸಾಲದೆ ಗಿಡ್ಡ ಉಳಿದ ಮಕ್ಕಳು ಜಾಸ್ತಿ. ಹಾಗಾಗಿ ಎತ್ತರ ಒಂದನ್ನೇ ನಾನು ನೆಚ್ಚುವುದಿಲ್ಲ.

ಮಿದುಳಿನ ಬಗ್ಗೆ ಎಂಆರ್‌ಐಗಿಂತ ಹೆಚ್ಚು ಹೇಳುವವರು ಸೈಕಾಲಜಿಸ್ಟ್. ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆಂದು ರೂಪುಗೊಂಡ ಬಿನೆ-ಕಾಮತ್ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಐಕ್ಯೂ ಪರವಾಗಿಲ್ಲ ಅಂತ ಬಂದರೂ ಅಲ್ಲಿಗೇ ನಿಲ್ಲಿಸಬಾರದು. ಲೆಕ್ಕ, ಗಮನ, ನೆನಪು, ಹೇಳಿದ್ದನ್ನು ಸಾಲಾಗಿ ಮಾಡುವುದು, ಇವುಗಳಲ್ಲಿ ಮಗು ಎಡವುತ್ತಿರಬಹುದು.

ಇನ್ನು ಪ್ರಶ್ನೆ. ಕೂಲಿ ಮನೆಯ ತಾಯಿಗೆ ಮಾತ್ರ ಕೇಳಿ, ಕಾರಿನಲ್ಲಿ ಬಂದವರಿಗೆ ಬಿಡುವುದು ಸರಿಯಲ್ಲ. ಎಲ್ಲರಿಗೂ ಕೇಳುತ್ತೇನೆ, ಗಂಡ, ಅತ್ತೆ ಹೊರಗೆ ಹೋದ ಮೇಲೆ. "ಕುಡಿಯುತ್ತೀರಾ?" ಅಂದರೆ "ಇಲ್ಲ" ಅಂತಲೇ ಉತ್ತರ. "ಗರ್ಭಿಣಿ ಅಂತ ಗೊತ್ತಾಗೋ ಮುಂಚಿನ ತಿಂಗಳುಗಳಲ್ಲಿ ಬಿಯರ್, ವೈನ್, ಹೆಂಡ ಏನಾದರೂ?" ಅಂದರೆ ಮಾತು ಹೊರಡುತ್ತದೆ. ದತ್ತು ಮಕ್ಕಳ ವಿಷಯದಲ್ಲಿ ಕೇಳಲು ಯಾರೂ ಇರುವುದಿಲ್ಲ ಅಲ್ವಾ? ಮುಖ, ಬೆಳವಣಿಗೆ, ಮಿದುಳು ಮೂರೂ ಕೂಡಿ ಬಂದರೆ ಆ ಉತ್ತರವಿಲ್ಲದೆಯೂ ರೋಗನಿರ್ಣಯ ಮಾಡಬಹುದು. ಮುಖದ ಗುರುತು ಇಲ್ಲದಿದ್ದರೆ ಆಗದು.

ಕೊನೆಗೆ ಲ್ಯಾಬ್. ಕ್ರೋಮೋಸೋಮ್ ಮೈಕ್ರೋಅರೇ ಎಂಬ ಜೀನ್ ಪರೀಕ್ಷೆ ಬರೆಯುವುದು ಆಲ್ಕೋಹಾಲ್ ಹುಡುಕಲು ಅಲ್ಲ. ವಿಲಿಯಮ್ಸ್ ಸಿಂಡ್ರೋಮ್‌ನಂಥ ಹೋಲಿಕೆಯ ಕಾಯಿಲೆಗಳನ್ನು ಬದಿಗಿಡಲು. ತಾಯಿ ಗರ್ಭಿಣಿಯಾಗಿದ್ದಾಗ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಮಾತ್ರೆ ತಗೊಂಡಿದ್ದರಾ ಅಂತಲೂ ವಿಚಾರಿಸುತ್ತೇನೆ, ಅದರಿಂದಲೂ ಮುಖ ಹೀಗೆ ಕಾಣಬಹುದು. ಹೃದಯದ ಎಕೋ, ಕಿವಿ, ಕಣ್ಣಿನ ತಪಾಸಣೆಯೂ ಬೇಕು.

ಪೂರ್ತಿ ವರದಿ ಮನೆಯವರ ಕೈಗೆ. ಶಾಲೆಗೆ ಬೇರೆ ಕಾಗದ ಕೊಡುತ್ತೇನೆ: ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಪರೀಕ್ಷೆಗೆ ಹೆಚ್ಚು ಸಮಯ ಕೊಡಿ. ತಾಯಿ ಕುಡಿದಿದ್ದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ.