ಒಗ್ಗದ ಊರನ್ನು ಒಗ್ಗಿಸಿಕೊಳ್ಳುವ ಬಗೆ

‘ಈ ಊರು ನನಗೆ ಆಗಿಬರೋದಿಲ್ಲ’ ಎನ್ನುವವರನ್ನು ಏನು ಆಗಿಬರಲಿಲ್ಲ ಎಂದು ಬಿಡಿಸಿ ಕೇಳಿ. ಇಡೀ ಊರಿನ ಮೇಲಿನ ಸಿಟ್ಟು ಸಾಮಾನ್ಯವಾಗಿ ಮೂರು ನಾಲ್ಕು ಸಂಗತಿಗಳಿಗೆ ಬಂದು ನಿಲ್ಲುತ್ತದೆ: ರಾತ್ರಿ ನಿದ್ದೆಯಿಲ್ಲ, ಓಡಾಟದಲ್ಲೇ ಅರ್ಧ ದಿನ ಹೋಗುತ್ತದೆ, ಮಾತಾಡಿಸುವವರಿಲ್ಲ. ಇವನ್ನು ಹಾಗೇ ಬಿಟ್ಟು ಊರಿನ ಒಳ್ಳೆಯ ಗುಣ ಹುಡುಕಲು ಹೊರಟರೆ ಪ್ರಯೋಜನವಿಲ್ಲ. ಮೊದಲು ಕಾಟ ಕಳೆಯಬೇಕು, ಬಳಕೆ ಬೆಳೆಸುವುದು ಆಮೇಲಿನ ಕೆಲಸ.

ಎರಡು ವಾರ ಒಂದು ಚಿಕ್ಕ ಪುಸ್ತಕ ಜೇಬಿನಲ್ಲಿರಲಿ. ಕಿರಿಕಿರಿಯಾದಾಗಲೆಲ್ಲ ಹೊತ್ತು, ಜಾಗ, ಕಾರಣ ಬರೆಯಿರಿ. ‘ಊರು ಸರಿಯಿಲ್ಲ’ ಎಂದು ಬರೆದರೆ ಕೆಲಸಕ್ಕೆ ಬಾರದು, ‘ಸಂಜೆ 6.30, ದೊಡ್ಡ ಸರ್ಕಲ್ಲು, ರಸ್ತೆ ದಾಟಲು ಹತ್ತು ನಿಮಿಷ’ ಎಂದಿರಬೇಕು. ಆಮೇಲೆ ಒಂದೊಂದರ ಮುಂದೂ ಗುರುತು ಹಾಕಿ: ಸರಿಪಡಿಸಬಹುದಾದ್ದು, ತಪ್ಪಿಸಿಕೊಳ್ಳಬಹುದಾದ್ದು, ನಮ್ಮ ಕೈಲಿಲ್ಲದ್ದು. ಕೆಲವು ದೂರು ಊರಿಗೆ ಸೇರಿದವೇ ಆಗಿರುವುದಿಲ್ಲ. ಇದೇ ಮೇಲಧಿಕಾರಿ, ಇದೇ ಪಾಳಿ ಹಳೆಯ ಊರಿನಲ್ಲಿದ್ದರೂ ಬೇಸರವಾಗುತ್ತಿತ್ತೇ ಎಂದು ಕೇಳಿಕೊಳ್ಳಿ. ಹೌದಾದರೆ ಆ ಸಾಲು ಹೊಡೆದುಹಾಕಿ.

ರಿಪೇರಿ ನಿದ್ದೆಯಿಂದ ಶುರುವಾಗಲಿ, ಏಕೆಂದರೆ ನಿದ್ದೆಗೆಟ್ಟವರಿಗೆ ಯಾವ ಊರೂ ಚೆನ್ನಾಗಿ ಕಾಣದು. ಮಲಗುವ ಕೋಣೆಯಲ್ಲಿ ಎಡೆಬಿಡದ ಸದ್ದು 30 ಡೆಸಿಬೆಲ್ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫೋನಿನ ಆ್ಯಪ್ ಕೊಡುವ ಅಳತೆ ಅಂದಾಜಿನದು, ಆದರೂ ಕೋಣೆಯ ಯಾವ ಮೂಲೆಯಲ್ಲಿ ಸದ್ದು ಕಡಿಮೆ ಎಂದು ಹೋಲಿಸಲು ಸಾಕು. ಮಂಚವನ್ನು ರಸ್ತೆ ಕಡೆಯ ಗೋಡೆಯಿಂದ ಸರಿಸಿ, ಕಿಟಕಿ–ಬಾಗಿಲ ಸಂದುಗಳನ್ನು ಮುಚ್ಚಿ. ಸಂದು ಬಿಟ್ಟು ದಪ್ಪ ಪರದೆ ಹಾಕಿದರೆ ಹೆಚ್ಚೇನೂ ತಗ್ಗದು. ಫೋಮ್ ಇಯರ್‌ಪ್ಲಗ್ ‘ನನಗೆ ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಅದನ್ನು ಅರ್ಧಕ್ಕೆ ತುರುಕಿರುತ್ತಾರೆ. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಕ್ಕೆ ಸೇರಿಸಿ, ಉಬ್ಬಿಕೊಳ್ಳುವವರೆಗೆ 20–30 ಸೆಕೆಂಡು ಒತ್ತಿ ಹಿಡಿಯಬೇಕು.

ಇನ್ನು ಬಳಕೆ. ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡಂತೆ ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1968ರಲ್ಲಿ ತೋರಿಸಿದರು. ಇದನ್ನು ನಂಬಿ ತಮಗೆ ಆಗದ ಜಾಗಕ್ಕೇ ಹಟ ಹಿಡಿದು ಹೋಗುವವರಿದ್ದಾರೆ. ಅದು ತಿರುಗುಬಾಣ. ಮೊದಲೇ ಬಲವಾದ ಅಸಹ್ಯವಿದ್ದರೆ ಮತ್ತೆ ಮತ್ತೆ ಕಂಡಷ್ಟೂ ಅಸಹ್ಯವೇ ಬಲಿಯಬಹುದು. ಹೀಗಾಗಿ ಇಷ್ಟವೂ ಇಲ್ಲದ, ಕಷ್ಟವೂ ಅಲ್ಲದ ಒಂದು ಜಾಗ ಆರಿಸಿ: ಗ್ರಂಥಾಲಯದ ಒಂದು ಮೇಜು, ಪಾರ್ಕಿನ ಒಂದು ಬೆಂಚು. ವಾರಕ್ಕೆ ಮೂರು ಸಲ, ಒಂದೇ ಹೊತ್ತಿಗೆ, 20–30 ನಿಮಿಷ. ಹೊತ್ತು ಬದಲಿಸಿದರೆ ಕಾಣುವ ಮುಖಗಳೂ ಬದಲಾಗುತ್ತವೆ, ಪರಿಚಯ ಹತ್ತುವುದೇ ಇಲ್ಲ. ಭಾನುವಾರ ಇಡೀ ದಿನ ಅಲ್ಲೇ ಕೂತು ಲೆಕ್ಕ ತೀರಿಸುತ್ತೇನೆಂದರೆ ಬೇಜಾರು ಬರುತ್ತದೆಯೇ ಹೊರತು ಒಲವಲ್ಲ.

ಜತೆಗೆ ಊರಿನ ನಕ್ಷೆ ತಲೆಯೊಳಗೆ ಕೂರಬೇಕು. ಜನ ಊರನ್ನು ಐದು ಅಂಶಗಳಿಂದ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ ಎಂದು ನಗರಯೋಜಕ ಕೆವಿನ್ ಲಿಂಚ್ 1960ರಲ್ಲಿ ಗುರುತಿಸಿದರು: ದಾರಿಗಳು, ಅಂಚುಗಳು, ಬಡಾವಣೆಗಳು, ಕೂಡುವ ಜಾಗಗಳು, ಎದ್ದು ಕಾಣುವ ಗುರುತುಗಳು. ಖಾಲಿ ಹಾಳೆಯ ನಡುವೆ ನಿಮ್ಮ ಮನೆ ಬರೆದು, ಸುತ್ತ 15 ನಿಮಿಷದ ನಡಿಗೆಯಷ್ಟು ದೂರ, ಅಂದರೆ ಸುಮಾರು ಒಂದು ಕಿಲೋಮೀಟರು, ನೆನಪಿನಿಂದಲೇ ಬಿಡಿಸಿ. ಎಲ್ಲಿ ಹಾಳೆ ಬಿಳಿಯಾಗಿ ಉಳಿಯಿತೋ ಆ ಕಡೆಗೇ ಮುಂದಿನ ನಡಿಗೆ. ಫೋನಿನ ನಕ್ಷೆ ತೆಗೆಯಬೇಡಿ. ಅದರ ನೀಲಿ ಗೆರೆ ಹಿಡಿದು ಹೋದವರಿಗೆ ಬಂದ ದಾರಿಯೂ ನೆನಪಿರುವುದಿಲ್ಲ. ತಿಂಗಳು ಬಿಟ್ಟು ಇನ್ನೊಂದು ಹಾಳೆಯಲ್ಲಿ ಬಿಡಿಸಿ ನೋಡಿ.

ಜನರ ವಿಷಯದಲ್ಲಿ ಅವಸರ ಬೇಡ. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತತೆಗೆ 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕು ಎಂದು ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅದಕ್ಕಾಗಿ ಅವರು ಮಾತಾಡಿಸಿದ್ದು ಹೊಸದಾಗಿ ಊರು ಬದಲಿಸಿದವರನ್ನೂ. ವಾರಕ್ಕೆ ಎರಡು ಗಂಟೆಯ ಕೂಟವಾದರೆ 50 ಗಂಟೆಗೇ ಆರು ತಿಂಗಳಾಯಿತು. ಎರಡನೇ ವಾರಕ್ಕೆ ‘ಇಲ್ಲಿಯವರು ಹತ್ತಿರ ಸೇರಿಸೋದಿಲ್ಲ’ ಎನ್ನುವುದು ಅನ್ಯಾಯ. ಸುಮ್ಮನೆ ಹೋಗಿ ಬರುವ ಕೂಟಕ್ಕಿಂತ, ಕುರ್ಚಿ ಹಾಕುವುದೋ ಬೀಗ ತೆಗೆಯುವುದೋ ನಿಮ್ಮ ಪಾಲಿಗೆ ಬರುವಂಥದ್ದು ಮೇಲು; ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿರುತ್ತಾರೆ. ಊರನ್ನು ಬೈಯುವುದಕ್ಕೆಂದೇ ಸೇರುವ ಗುಂಪು ಬೇಡ. ಅಲ್ಲಿ ಸ್ನೇಹ ನಿಂತಿರುವುದೇ ದೂರಿನ ಮೇಲೆ, ಊರು ಹಿಡಿಸತೊಡಗಿದರೆ ಗೆಳೆಯರನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಹಳೆಯ ಊರಿನ ಭಾನುವಾರವನ್ನು ಇಲ್ಲಿಯ ಸೋಮವಾರದ ಜತೆ ತೂಗಬೇಡಿ. ಪ್ರತಿ ವಾರವೂ ಗಂಟು ಕಟ್ಟಿ ಅಲ್ಲಿಗೆ ಓಡುವವರಿಗೆ ಇಲ್ಲಿ ಒಂದೂ ರಜೆ ಸಿಗುವುದಿಲ್ಲ, ಬರೀ ಕೆಲಸದ ದಿನಗಳೇ ಸಿಗುತ್ತವೆ. ವಾರ ಬಿಟ್ಟು ವಾರ ಹೋದರೆ ಸಾಕು. ಎಲ್ಲ ಋತುಗಳೂ ಒಂದು ಸುತ್ತು ಮುಗಿಯುವ ತನಕ ತೀರ್ಪು ಕೊಡಬೇಡಿ, ಬಂದಿಳಿದದ್ದು ಕೆಟ್ಟ ಹವೆಯ ಕಾಲದಲ್ಲಾದರಂತೂ.

ಇದ್ಯಾವುದೂ ಹೊಂದದ ಸಂದರ್ಭಗಳಿವೆ. ಓಡಾಡಲು ಭಯವಿರುವಲ್ಲಿ, ನಿಮ್ಮನ್ನು ಕೀಳಾಗಿ ಕಾಣುವಲ್ಲಿ, ಗಾಳಿಯಿಂದ ಉಬ್ಬಸ ಹೆಚ್ಚುವಲ್ಲಿ ಒಗ್ಗಿಕೊಳ್ಳುವ ಅಭ್ಯಾಸ ಬೇಡ, ಹೊರಡುವ ದಾರಿ ನೋಡಿ. ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಕುಗ್ಗಿ, ಊಟ–ನಿದ್ದೆ ಕೆಟ್ಟಿದ್ದರೆ ಊರನ್ನು ದೂರುತ್ತ ಕೂರದೆ ವೈದ್ಯರನ್ನು ಕಾಣಿ.

ಮೂರು ತಿಂಗಳಿಗೆ ಪುಸ್ತಕ ಮತ್ತೆ ತೆಗೆದು ಇನ್ನೆರಡು ವಾರ ಬರೆಯಿರಿ. ಸಾಲುಗಳು ಕಡಿಮೆಯಾಗಿದ್ದರೂ ಒಂದೇ ರಸ್ತೆ, ಒಂದೇ ಹೊತ್ತು ಮರಳಿ ಬರುತ್ತಿದ್ದರೆ ಊರು ಬಿಡುವ ಯೋಚನೆಗೆ ಮುಂಚೆ ಅದೇ ಊರಿನ ಇನ್ನೊಂದು ಕಡೆ ಮನೆ ನೋಡಿ.